ಅಡಗುವ ನಿಯಮದ ರಿಪೇರಿ: ಒಂಬತ್ತು ಸಂಜೆಗಳ ಟಿಪ್ಪಣಿ

ಮೇಜಿನ ಸುತ್ತ ಕೂತು, ದಾಳ ಹಾಕುತ್ತಾ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ನಮ್ಮ ಆಟದಲ್ಲಿ ಮಿಂಚುಳ್ಳಿ ಎಂಬ ರೋಗ್ (ಕದ್ದು ನುಸುಳುವುದರಲ್ಲಿ ಪಳಗಿದ) ಪಾತ್ರ ಆಡುವ ಗೆಳತಿ ಒಂದು ಸೆಷನ್ ಮುಗಿದ ಮೇಲೆ ದಾಳಗಳನ್ನು ಚೀಲಕ್ಕೆ ತುಂಬುತ್ತಾ ಕೇಳಿದಳು: "ನಾನು ಈ ಪಾತ್ರ ಕಟ್ಟಿದ್ದೇ ನುಸುಳೋದಕ್ಕೆ. ಇಷ್ಟು ದಿನದಲ್ಲಿ ಒಂದು ಸಲಾನಾದ್ರೂ ಯಾರ ಕಣ್ಣಿಗೂ ಬೀಳದೆ ಒಳಗೆ ಹೋಗಿ ಬಂದಿದೀನಾ?"

ಹಳೆಯ ಟಿಪ್ಪಣಿ ಪುಸ್ತಕ ತೆಗೆದು ನೋಡಿದೆ. ತಂಡ ಐದು ಸಲ ಕದ್ದು ನುಗ್ಗಲು ಹೊರಟಿತ್ತು. ಐದೂ ಸಲ ಮೊದಲ ಕಾಲು ಗಂಟೆಯಲ್ಲೇ ಯಾರೋ ಒಬ್ಬರ ದಾಳ ಕೆಟ್ಟು, ಕಹಳೆ ಊದಿ, ಉಳಿದ ಸಂಜೆಯೆಲ್ಲ ಹೊಡೆದಾಟದಲ್ಲಿ ಕಳೆದಿತ್ತು. ಆಟ ನಡೆಸುವವನು ನಾನು, ಹಾಗಾಗಿ ಇದನ್ನು ಸರಿಪಡಿಸುವುದೂ ನನ್ನದೇ ಕೆಲಸ. ಆಡುತ್ತಿರುವುದು ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಐದನೇ ಆವೃತ್ತಿ, 2014ರ ನಿಯಮಗಳು. ಆಟಗಾರರು ನಾಲ್ವರು: ಮಿಂಚುಳ್ಳಿ, ಬಂಡೆ ಎಂಬ ಸರಪಳಿ ಕವಚದ ಯೋಧ, ಒಬ್ಬ ಬಿಲ್ಲುಗಾರ, ಒಬ್ಬ ಮಂತ್ರಗಾತಿ. ಕೊನೆಗೆ ಕೆಟ್ಟಿದ್ದು ಹಾಬ್‌ಗಾಬ್ಲಿನ್ ಎಂಬ ಕಾಲ್ಪನಿಕ ಶತ್ರು ಜೀವಿಗಳ ಕೋಟೆಯೊಂದರಲ್ಲಿ, ಅದನ್ನೇ ಪ್ರಯೋಗಕ್ಕೆ ಇಟ್ಟುಕೊಂಡೆ.

ಹಂತ 1: ಎಲ್ಲಿ ಮುರಿದಿದೆ ಎಂದು ಅಳೆದದ್ದು (ಮೊದಲ ಸಂಜೆ)

ಬೇಕಾದದ್ದು: ಒಂದು ನೋಟ್‌ಬುಕ್, 20 ಮುಖದ ನಾಲ್ಕು ದಾಳ.

ಅಡಗುವವರು ದಾಳದ ಅಂಕಕ್ಕೆ ತಮ್ಮ ಕೌಶಲದ ಅಂಕ ಸೇರಿಸಿ ಕಾವಲುಗಾರನ ಅಂಕವನ್ನು ಮುಟ್ಟಿದರೆ ಗೆಲುವು. ಕೋಟೆಯಲ್ಲಿ ನಾನು ದಾಳ ಹಾಕಿಸಿದ್ದು ಮೂರು ಕಡೆ: ಗೋಡೆ ಹತ್ತುವಾಗ, ಅಂಗಳ ದಾಟುವಾಗ, ಮೆಟ್ಟಿಲ ಬಳಿ. ಪ್ರತಿ ಕಡೆ ನಾಲ್ವರೂ ಹಾಕಬೇಕು, ಒಬ್ಬರು ಸೋತರೂ ಎಲ್ಲರೂ ಸಿಕ್ಕಿಬಿದ್ದಂತೆ. ಒಬ್ಬೊಬ್ಬರಿಗೂ 70% ಅವಕಾಶ ಇದೆ ಎಂದುಕೊಳ್ಳೋಣ. ಅದು ಕೇಳಲು ಚೆನ್ನಾಗಿದೆ. ಆದರೆ ನಾಲ್ವರೂ ಒಟ್ಟಿಗೆ ಗೆಲ್ಲುವ ಅವಕಾಶ 24% ಮಾತ್ರ. ಮೂರು ಕಡೆಯೂ ಗೆಲ್ಲುವುದು ಸುಮಾರು 1.4%. ಲೆಕ್ಕ ನಂಬಲಾಗದೆ ಕೈಯಲ್ಲೇ 50 ಸಲ ಉರುಳಿಸಿ ಬರೆದುಕೊಂಡೆ. ಒಂದೇ ಒಂದು ಸಲ ತಂಡ ಪೂರ್ತಿ ಒಳಗೆ ಹೋಯಿತು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಕಾವಲುಗಾರರ ಪರವಾಗಿ ನಾನೂ ದಾಳ ಹಾಕುತ್ತಿದ್ದೆ, ನಾಲ್ವರಿದ್ದರೆ ನಾಲ್ಕು ದಾಳ. ನಾಲ್ಕು ದಾಳದಲ್ಲಿ ಅತಿ ಹೆಚ್ಚಿನದರ ಸರಾಸರಿ ಸುಮಾರು 16.5, ಅತಿ ಕಡಿಮೆಯದರ ಸರಾಸರಿ ಸುಮಾರು 4.5. ಅಂದರೆ ನಮ್ಮ ತಂಡದ ಅತಿ ಕೆಟ್ಟ ದಾಳವನ್ನು ಅವರ ಅತಿ ಒಳ್ಳೆಯ ದಾಳದ ಎದುರು ನಾನೇ ನಿಲ್ಲಿಸುತ್ತಿದ್ದೆ. ಎರಡೂ ಕಡೆಯ ಕೌಶಲ ಒಂದೇ ಇದ್ದರೂ ನಡುವೆ 12ರ ಕಂದರ. ಮಿಂಚುಳ್ಳಿ ಎಷ್ಟು ಚುರುಕಾಗಿದ್ದರೂ ಬಂಡೆಯ ದಾಳ ಅವಳ ಕಾಲಿಗೆ ಕಟ್ಟಿದ ಗುಂಡುಕಲ್ಲು.

ಹಂತ 2: ಪುಸ್ತಕದಲ್ಲಿ ಇದ್ದದ್ದನ್ನೇ ಓದಿರಲಿಲ್ಲ (ಎರಡನೇ ಸಂಜೆ)

ಹೊಸ ನಿಯಮ ಬರೆಯುವ ಮೊದಲು ಇರುವುದನ್ನು ಸರಿಯಾಗಿ ಓದಲು ಕೂತೆ. ಮೂರು ವಿಷಯ ಸಿಕ್ಕವು, ಮೂರನ್ನೂ ನಾನು ಬಿಟ್ಟಿದ್ದೆ.

ಮೊದಲನೆಯದು ಪ್ಯಾಸಿವ್ ಪರ್ಸೆಪ್ಷನ್. ಹುಡುಕಲು ಹೊರಡದೆ ಸುಮ್ಮನೆ ನಿಂತ ಕಾವಲುಗಾರನಿಗೆ ದಾಳವೇ ಬೇಡ, 10ಕ್ಕೆ ಅವನ ಗಮನಿಸುವ ಕೌಶಲ ಸೇರಿಸಿದ ಅಂಕವೇ ಸಾಕು. ಹಾಬ್‌ಗಾಬ್ಲಿನ್‌ಗೆ ಅದು 10. ನಾಲ್ವರು ನಿಂತಿದ್ದರೂ 10 ಹತ್ತೇ. ನನ್ನ 16.5 ಇಲ್ಲಿಗೇ ಮಾಯ.

ಎರಡನೆಯದು ಗುಂಪಿನ ಪರೀಕ್ಷೆ: ಅರ್ಧದಷ್ಟು ಜನ ಗೆದ್ದರೆ ಗುಂಪೇ ಗೆದ್ದಂತೆ. ಅದೇ 70% ಹಿಡಿದರೆ ನಾಲ್ವರಲ್ಲಿ ಇಬ್ಬರಾದರೂ ಗೆಲ್ಲುವುದು ಸುಮಾರು 92%. ಬಂಡೆಗೆ 40% ಅಷ್ಟೇ ಎಂದರೂ 86% ಉಳಿಯುತ್ತದೆ.

ಮೂರನೆಯದು ಕತ್ತಲು. ಇದನ್ನು ಬರೆಯುವಾಗ ಈಗಲೂ ಬೇಸರವಾಗುತ್ತದೆ, ಏಕೆಂದರೆ ಎರಡು ವರ್ಷ ತಪ್ಪಾಗಿ ಆಡಿಸಿದ್ದೇನೆ. ಹಾಬ್‌ಗಾಬ್ಲಿನ್‌ನಂತೆ ಡಾರ್ಕ್‌ವಿಷನ್ (ಕತ್ತಲಲ್ಲಿ ನೋಡುವ ಶಕ್ತಿ) ಇರುವ ಜೀವಿಗೆ ಕತ್ತಲೆಯಲ್ಲಿ ಹಗಲಿನಂತೆ ಕಾಣುತ್ತದೆ ಎಂದೇ ತಿಳಿದಿದ್ದೆ. ನಿಯಮ ಹಾಗಿಲ್ಲ. 60 ಅಡಿಯೊಳಗೆ ಅದಕ್ಕೆ ಮಬ್ಬು ಬೆಳಕು ಪೂರ್ತಿ ಬೆಳಕಿನಂತೆ, ಗಾಢ ಕತ್ತಲು ಮಬ್ಬು ಬೆಳಕಿನಂತೆ ಕಾಣುತ್ತದೆ. ಮಬ್ಬಿನಲ್ಲಿ ಕಣ್ಣಿಂದ ಗುರುತಿಸಲು ಡಿಸಡ್ವಾಂಟೇಜ್ (ಎರಡು ದಾಳ ಹಾಕಿ ಕಡಿಮೆಯದನ್ನು ತೆಗೆದುಕೊಳ್ಳುವುದು), ಪ್ಯಾಸಿವ್ ಅಂಕಕ್ಕಾದರೆ 5 ಕಡಿತ. ದೀಪವಿಲ್ಲದ ಅಂಗಳದಲ್ಲಿ ಹಾಬ್‌ಗಾಬ್ಲಿನ್‌ನ ಅಂಕ 10 ಅಲ್ಲ, 5. ಬಂಡೆ ಸರಪಳಿ ಕವಚದಿಂದಾಗಿ ಎರಡು ದಾಳ ಹಾಕಿ ಕಡಿಮೆಯದನ್ನು ತೆಗೆದುಕೊಳ್ಳಬೇಕು, ಮೇಲೆ ಸೇರಿಸಲು ಅವನಿಗೆ ಏನೂ ಇಲ್ಲ. 10ರ ಎದುರು ಅವನ ಅವಕಾಶ 30%. 5ರ ಎದುರು 64%. (ಸಮ ಬಂದರೆ ಅಡಗಿದವರ ಪರ ಎಂದು ನಾವು ಒಪ್ಪಿಕೊಂಡಿದ್ದೇವೆ.) ಒಂದು ಸಾಲು ಸರಿಯಾಗಿ ಓದದ್ದಕ್ಕೆ ಬಂಡೆಯ ಅರ್ಧಕ್ಕಿಂತ ಹೆಚ್ಚು ಅವಕಾಶವನ್ನು ನಾನು ಕಿತ್ತುಕೊಂಡಿದ್ದೆ. ಮುಂದಿನ ಸೆಷನ್ ಶುರುವಾಗುವ ಮೊದಲು ತಂಡಕ್ಕೆ ಇದನ್ನು ಹೇಳಿ ಕ್ಷಮೆ ಕೇಳಿದೆ.

2024ರ ಪರಿಷ್ಕೃತ ನಿಯಮವನ್ನೂ ನೋಡಿದೆ. ಅಲ್ಲಿ ಅಡಗಲು 15 ಮುಟ್ಟಬೇಕು, ಶತ್ರುವಿನ ದೃಷ್ಟಿಯಿಂದ ಆಚೆ ಇರಬೇಕು. ಗೆದ್ದರೆ ಇನ್ವಿಸಿಬಲ್ (ಕಾಣದಿರುವ) ಸ್ಥಿತಿ ಸಿಗುತ್ತದೆ, ದಾಳದ ಮೊತ್ತವೇ ನಮ್ಮನ್ನು ಹುಡುಕುವವರು ಮುಟ್ಟಬೇಕಾದ ಗುರಿಯಾಗುತ್ತದೆ. ಪಿಸುಮಾತಿಗಿಂತ ಜೋರಾದ ಸದ್ದು, ದಾಳಿ, ಬಾಯಿಬಿಟ್ಟು ಹೇಳುವ ಮಂತ್ರ ಇವುಗಳಿಂದ ಅದು ಕಳಚುತ್ತದೆ. ಯಾವಾಗ ಕಳಚುತ್ತದೆ ಎಂಬ ಪಟ್ಟಿ ಚೆನ್ನಾಗಿದೆ, ಅದನ್ನು ಹಾಗೇ ತೆಗೆದುಕೊಂಡೆ. ಸ್ಥಿರವಾದ 15 ಬೇಡವೆನಿಸಿತು. ನಿದ್ದೆಗಣ್ಣಿನ ಕಾವಲುಗಾರನಿಗೂ ಹದ್ದಿನ ಕಣ್ಣಿನವನಿಗೂ ಮೊದಲ ಮೆಟ್ಟಿಲು ಒಂದೇ ಎತ್ತರ ಆಗಬಾರದು.

ಹಳೆಯದನ್ನೂ ಒಮ್ಮೆ ತಿರುವಿದೆ. ಇದೇ ಆಟದ 1978ರ ಆಟಗಾರರ ಪುಸ್ತಕದಲ್ಲಿ ಮೊದಲ ಹಂತದ ಥೀಫ್‌ಗೆ (ಕಳ್ಳನ ಪಾತ್ರಕ್ಕೆ) ನೆರಳಲ್ಲಿ ಅಡಗಲು 10%, ಸದ್ದಿಲ್ಲದೆ ನಡೆಯಲು 15%. ಎರಡೂ ಬೇಕೆಂದರೆ 1.5%. ನನ್ನ 1.4%ಕ್ಕೆ ಎಷ್ಟು ಹತ್ತಿರ!

ಹಂತ 3: ಮೊದಲ ಪ್ರಯತ್ನ, 24 ಮನೆಗಳ ಕೋಷ್ಟಕ (ಮೂರನೇ ಸಂಜೆ, ವಿಫಲ)

ಅವಕಾಶದ ಲೆಕ್ಕ ಸರಿಹೋದರೂ ಜಗಳ ಉಳಿದಿತ್ತು: "ಅವನಿಗೆ ನಾನು ಎಲ್ಲಿದ್ದೀನಿ ಅಂತ ಗೊತ್ತಾ, ಇಲ್ವಾ?" ಇದಕ್ಕೆ ಪಾತ್‌ಫೈಂಡರ್ ಎಂಬ ಇದೇ ಬಗೆಯ ಇನ್ನೊಂದು ಆಟದ 2019ರ ಎರಡನೇ ಆವೃತ್ತಿಯಲ್ಲಿ ಒಳ್ಳೆಯ ವಿಂಗಡಣೆ ಇದೆ. ಕಣ್ಣೆದುರು ಇದ್ದಾರೆ, ಕಾಣುವುದಿಲ್ಲ ಆದರೆ ಜಾಗ ಗೊತ್ತು, ಜಾಗವೂ ಗೊತ್ತಿಲ್ಲ, ಇದ್ದಾರೆಂಬುದೇ ಗೊತ್ತಿಲ್ಲ. ನಾಲ್ಕು ಸ್ಥಿತಿ. ಎರಡನೆಯದಕ್ಕೂ ಮೂರನೆಯದಕ್ಕೂ ವ್ಯತ್ಯಾಸ ಮಾಡಿದ್ದು ನನ್ನ ಕಣ್ಣು ತೆರೆಸಿತು. ನಮ್ಮ ಜಗಳಗಳಲ್ಲಿ ಹೆಚ್ಚಿನವು ಆ ಎರಡನ್ನು ಒಂದೇ ಎಂದುಕೊಂಡದ್ದರಿಂದ ಹುಟ್ಟಿದವು.

ಹಾಗಾಗಿ ದೊಡ್ಡ ಹಾಳೆಯಲ್ಲಿ ಕೋಷ್ಟಕ ಎಳೆದೆ. ಅಡ್ಡಕ್ಕೆ ನಾಲ್ಕು ಪಾತ್ರ, ಉದ್ದಕ್ಕೆ ಆರು ಕಾವಲುಗಾರರು, 24 ಮನೆ. ಪ್ರತಿ ಮನೆಯಲ್ಲಿ ಪೆನ್ಸಿಲ್‌ನಿಂದ ಸ್ಥಿತಿ ಬರೆಯುವುದು. ಆಡಿಸಿದ್ದು 20 ನಿಮಿಷ. ಅಷ್ಟರಲ್ಲಿ ಹಾಳೆ ಅಳಿಸಿ ಅಳಿಸಿ ತೂತು ಬಿತ್ತು, ಬಿಲ್ಲುಗಾರ ಆಕಳಿಸಿದ, ನಾನು ಕೋಟೆಯನ್ನು ವರ್ಣಿಸುವುದನ್ನೇ ಬಿಟ್ಟು ಲೆಕ್ಕ ಬರೆಯುತ್ತಿದ್ದೆ. ಪಾತ್‌ಫೈಂಡರ್‌ನ ನಿಯಮ ಅದರದೇ ಚೌಕಟ್ಟಿನಲ್ಲಿ ಕೆಲಸ ಮಾಡುತ್ತದೆ. ಅದರ ಒಂದು ಅಂಗವನ್ನು ಕಿತ್ತು ಇಲ್ಲಿ ಹೊಲಿದದ್ದು ನನ್ನ ತಪ್ಪು.

ಹಂತ 4: ಎರಡನೇ ಪ್ರಯತ್ನ, ಇಡೀ ಕೋಟೆಗೆ ಒಂದು ಗಡಿಯಾರ (ನಾಲ್ಕನೇ ಸಂಜೆ, ಅರ್ಧ ಸಫಲ)

ಬ್ಲೇಡ್ಸ್ ಇನ್ ದ ಡಾರ್ಕ್ ಆಟದಲ್ಲಿ ಅಪಾಯವನ್ನು ವೃತ್ತವೊಂದರ ತುಂಡುಗಳಲ್ಲಿ ತುಂಬುತ್ತಾ ಹೋಗುತ್ತಾರೆ, 4, 6 ಅಥವಾ 8 ತುಂಡು. ನಾನು 6 ತುಂಡಿನ ವೃತ್ತ ಬರೆದು ಮೇಜಿನ ನಡುವೆ ಇಟ್ಟೆ. ಒಂದು ಸೋಲಿಗೆ ಒಂದು ತುಂಡು, ತುಂಬಿದರೆ ಕಹಳೆ.

ಒಂದು ಗುಣ ತಕ್ಷಣ ಕಂಡಿತು. ದಾಳ ಕೆಟ್ಟರೂ ಆಟ ನಿಲ್ಲಲಿಲ್ಲ. ಮೊದಲ ಬಾರಿ ತಂಡ ಮೆಟ್ಟಿಲಿನ ತನಕ ಹೋಯಿತು. ಆದರೆ ಮುಕ್ಕಾಲು ಗಂಟೆಯಲ್ಲೇ ಮಂತ್ರಗಾತಿ ತೂತು ಹುಡುಕಿದಳು: "ಇನ್ನೂ ಮೂರು ತುಂಡು ಖಾಲಿ ಇದೆಯಲ್ಲ, ಬಾಗಿಲು ಒದ್ದೇ ಒಡೆಯೋಣ." ಅವಳು ಹೇಳಿದ್ದು ಸರಿ. ಆರನೆಯದು ತುಂಬುವ ತನಕ ಲೋಕದಲ್ಲಿ ಏನೂ ಬದಲಾಗುವುದಿಲ್ಲ ಎಂದರೆ ಮೊದಲ ಐದು ಪುಕ್ಕಟೆ. ಜೊತೆಗೆ, ಕುದುರೆ ಲಾಯದಲ್ಲಿ ಬಕೆಟ್ ಉರುಳಿದ್ದಕ್ಕೆ ಗೋಪುರದ ಮೇಲಿನವನು ಎಚ್ಚರವಾಗುವುದು ಯಾರಿಗೂ ಒಪ್ಪಿಗೆಯಾಗಲಿಲ್ಲ.

ಹಂತ 5: ಮೂರನೇ ಪ್ರಯತ್ನ, ಕಾರ್ಡ್ ಮತ್ತು ಕೆಂಪು ಗುಂಡಿ (ಐದರಿಂದ ಏಳನೇ ಸಂಜೆ)

ಸಾಮಾನು: 7.5 × 12.5 ಸೆಂ.ಮೀ. ಅಳತೆಯ ಆರು ದಪ್ಪ ಕಾರ್ಡ್, ಆರು ಪೇಪರ್ ಕ್ಲಿಪ್, ಹಳೆಯ ಅಂಗಿಯ ಆರು ಕೆಂಪು ಗುಂಡಿ, 30 ಸೆಂ.ಮೀ. ದಾರ.

ಲೆಕ್ಕ ಕಾವಲುಗಾರರದ್ದಲ್ಲ, ಕಾವಲು ತಾಣದ್ದು. ಹಿಂಬಾಗಿಲು, ಗೋಪುರ, ಲಾಯ, ಬಾವಿ, ಓಣಿ, ಸೆರೆಮನೆ ಎಂದು ಆರು ತಾಣ, ಆರು ಕಾರ್ಡ್. ಕಾರ್ಡಿನ ಅಂಚಿಗೆ ನಾಲ್ಕು ಪದ: ನಿರಾತಂಕ, ಅನುಮಾನ, ಹುಡುಕಾಟ, ಗದ್ದಲ. ಕ್ಲಿಪ್ ಎಲ್ಲಿದೆಯೋ ಅದು ಸ್ಥಿತಿ. ಕಾರ್ಡುಗಳು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೇ ಇರುತ್ತವೆ. ಇದನ್ನು ಮುಚ್ಚಿಡಬೇಕೇ ಎಂದು ಒಂದು ಇಡೀ ಸಂಜೆ ಯೋಚಿಸಿದೆ. ಬೇಡ ಎಂದು ತೀರ್ಮಾನಿಸಿದೆ. ಪಕ್ಕದಲ್ಲಿ ನಿಂತು ನೋಡುತ್ತಿರುವವಳಿಗೆ ಕಾವಲುಗಾರನ ಭುಜ ಬಿಗಿಯಾದದ್ದು, ತಲೆ ತಿರುಗಿದ್ದು ಕಾಣುತ್ತದೆ. ಮೇಜಿನ ಬಳಿ ಕೂತ ಆಟಗಾರ್ತಿಗೆ ಅದು ಕಾಣುವುದಿಲ್ಲ. ಕ್ಲಿಪ್ ಆ ಕೊರತೆಯನ್ನು ತುಂಬುತ್ತದೆ.

ಒಂದು ಸೋಲಿಗೆ ಕ್ಲಿಪ್ ಒಂದು ಮನೆ ಸರಿಯುತ್ತದೆ. ಪ್ರತಿ ಮನೆಯಲ್ಲೂ ಏನೋ ಆಗಲೇಬೇಕು, ಹಾಗಾಗಿ ಪುಕ್ಕಟೆ ತುಂಡು ಇಲ್ಲ. ಅನುಮಾನ ಬಂದರೆ ಒಬ್ಬ ತಾಣ ಬಿಟ್ಟು ನೋಡಲು ಬರುತ್ತಾನೆ. ಹುಡುಕಾಟವಾದರೆ ಪ್ಯಾಸಿವ್ ಅಂಕದ ಬದಲು ಅವರೂ ದಾಳ ಹಾಕುತ್ತಾರೆ, ತಾಣಕ್ಕೆ ಒಂದೇ ದಾಳ. ಗದ್ದಲವಾದರೆ ಕಹಳೆ.

ಕೆಂಪು ಗುಂಡಿ ಈ ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ. ಶತ್ರುಗಳು ಇಲ್ಲಿದ್ದಾರೆ ಎಂದು ಆ ತಾಣದವರು ಎಲ್ಲಿಗೆ ಊಹಿಸುತ್ತಾರೋ ಮ್ಯಾಪ್ ಮೇಲೆ ಅಲ್ಲಿ ಗುಂಡಿ ಇಡುತ್ತೇನೆ. ಪಾತ್ರದ ಮಿನಿ (ಪುಟ್ಟ ಗೊಂಬೆ) ಇರುವುದು ನಿಜವಾದ ಜಾಗದಲ್ಲಿ, ಗುಂಡಿ ಇರುವುದು ಊಹೆಯ ಜಾಗದಲ್ಲಿ. ಎರಡೂ ಒಂದೇ ಚೌಕದಲ್ಲಿದ್ದರೆ ಅವರಿಗೆ ಗೊತ್ತು. ಬೇರೆ ಬೇರೆ ಇದ್ದರೆ ಗೊತ್ತಿಲ್ಲ. ಕಾವಲುಗಾರ ಸದಾ ಗುಂಡಿಯ ಕಡೆಗೇ ನಡೆಯುತ್ತಾನೆ. 24 ಮನೆಗಳ ಕೋಷ್ಟಕ ಹೇಳಲಾಗದ್ದನ್ನು ಒಂದು ಗುಂಡಿ ಹೇಳಿತು.

ದಾರ ದೂರ ಅಳೆಯಲು. ಮ್ಯಾಪಿನ ಒಂದು ಚೌಕ 2.5 ಸೆಂ.ಮೀ., ಅಂದರೆ 5 ಅಡಿ. 12 ಚೌಕಕ್ಕೆ 30 ಸೆಂ.ಮೀ., ಅದು ಡಾರ್ಕ್‌ವಿಷನ್‌ನ 60 ಅಡಿ. ನಡುವೆ 15 ಸೆಂ.ಮೀ.ನಲ್ಲಿ ಒಂದು ಗಂಟು ಹಾಕಿದೆ: ಬಂಡೆಯ ಕವಚದ ಸದ್ದು ಗೋಡೆಯಾಚೆಗೂ ಅಲ್ಲಿಯ ತನಕ ಕೇಳುತ್ತದೆ ಎಂಬುದು ನಮ್ಮದೇ ನಿಯಮ.

ನಡುವೆ ಒಂದು ಅಡ್ಡದಾರಿ ಹಿಡಿದು ಎರಡು ಗಂಟೆ ಹಾಳಾಯಿತು. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಲ್ಲಿ ಬೀಸಣಿಗೆ ಆಕಾರ ಕತ್ತರಿಸಿ ಕಾವಲುಗಾರನ ಮುಖದ ಮುಂದೆ ಇಡುತ್ತಿದ್ದೆ, ಅವನು ನೋಡುವ ದಿಕ್ಕು ತೋರಿಸಲು. ಈ ಆಟದ ಮೂಲ ನಿಯಮದಲ್ಲಿ ಮುಖ ಯಾವ ಕಡೆ ಎಂಬ ಲೆಕ್ಕವೇ ಇಲ್ಲ, ಬೇಕಿದ್ದರೆ ಬಳಸಬಹುದಾದ ಐಚ್ಛಿಕ ನಿಯಮವಷ್ಟೇ. ಹಾಳೆ ಇಟ್ಟ ಕೂಡಲೇ ಎಲ್ಲರೂ "ಈಗ ಎಷ್ಟು ತಿರುಗಿದ?" ಎಂದು ಕೇಳತೊಡಗಿದರು, ಕೋನಮಾಪಕ ತರುವುದೊಂದು ಬಾಕಿ. ಹಾಳೆ ಎತ್ತಿಟ್ಟು ಕಾರ್ಡಿನ ಮೇಲೆ ಮಾತಿನಲ್ಲೇ ಬರೆದೆ: "ನೋಡುವುದು: ಬಾಗಿಲು, ಅಂಗಳದ ಪೂರ್ವ ಭಾಗ. ನೋಡದಿರುವುದು: ಲಾಯದ ಹಿಂದೆ." ಅಷ್ಟು ಸಾಕಾಯಿತು.

ಹಂತ 6: ದಾಳ ಹಾಕುವ ಹೊತ್ತು (ಏಳನೇ ಸಂಜೆ)

ಇಲ್ಲಿಯ ತನಕ "ಅಡಗ್ತೀನಿ" ಎಂದ ಕೂಡಲೇ ದಾಳ ಹಾಕಿಸುತ್ತಿದ್ದೆ. ಅದರಿಂದ ಎರಡು ತೊಂದರೆ. 3 ಬಿದ್ದರೆ ಆಟಗಾರನಿಗೆ ಅದು ಗೊತ್ತು, "ತಡಿ, ಇನ್ನೊಂದು ಜಾಗ ನೋಡಿ ಮತ್ತೆ ಅಡಗ್ತೀನಿ" ಎನ್ನುತ್ತಾನೆ. 20 ಬಿದ್ದರೆ ಎಲ್ಲಿಗೆ ಬೇಕಾದರೂ ನಡೆದುಬಿಡುತ್ತಾನೆ. ಪಾತ್ರಕ್ಕೆ ಗೊತ್ತಿರಬಾರದ್ದು ಕೈಯಲ್ಲಿರುವ ದಾಳಕ್ಕೆ ಗೊತ್ತು.

ಮೊದಲು ಪರದೆಯ ಹಿಂದೆ ನಾನೇ ಗುಟ್ಟಾಗಿ ಹಾಕಿ ನೋಡಿದೆ. ತಂಡಕ್ಕೆ ಸ್ವಲ್ಪವೂ ಹಿಡಿಸಲಿಲ್ಲ. ತಮ್ಮ ಪಾತ್ರದ ಗತಿ ತಮ್ಮ ಕೈಯಿಂದ ಉರುಳಬೇಕು ಎಂಬುದು ನ್ಯಾಯವೇ. ದಾಳವನ್ನು ಮತ್ತೆ ಹಾಕಲು ಬಿಡುವ ವಿಶೇಷ ಶಕ್ತಿಗಳೂ ಹಾಗೆ ಮಾಡಿದರೆ ಉಪಯೋಗಕ್ಕೆ ಬರುವುದಿಲ್ಲ.

ಈಗಿನ ಕ್ರಮ: ಅಡಗುವಾಗ ದಾಳ ಇಲ್ಲ. ಎಲ್ಲಿ, ಯಾವುದರ ಹಿಂದೆ ಎಂದು ಹೇಳಿದರೆ ಸಾಕು. ಯಾರಾದರೂ ನಿಜವಾಗಿ ಗಮನಿಸಬಹುದಾದ ಕ್ಷಣ ಬಂದಾಗ, ಕಾವಲುಗಾರನ ಹೆಜ್ಜೆ ಪೆಟ್ಟಿಗೆಯ ಪಕ್ಕದಲ್ಲಿ ನಿಂತಾಗ, ಆಗ ದಾಳ. ಯಾರೂ ನೋಡದ ಕಡೆ ದಾಳವೇ ಬೇಡ. ಅದರಿಂದ ಕೋಟೆಯಲ್ಲಿ ಹಾಕಬೇಕಾದ ದಾಳಗಳೂ ಕಡಿಮೆಯಾದವು, ಉಸಿರು ಬಿಗಿ ಹಿಡಿಯುವ ಗಳಿಗೆ ಇರಬೇಕಾದ ಜಾಗಕ್ಕೇ ಬಂತು.

ಗುಂಪಿಗೆ ಪುಸ್ತಕದ ಅರ್ಧದ ನಿಯಮವನ್ನು ಬಿಟ್ಟು ಒಂದು ಬದಲಾವಣೆ ಮಾಡಿದೆ. 92% ಎಂದರೆ ಭಯವೇ ಉಳಿಯುವುದಿಲ್ಲ. ಯಾರಾದರೂ 5 ಅಥವಾ ಹೆಚ್ಚು ಅಂತರದಲ್ಲಿ ಗೆದ್ದರೆ ಅವರು ಸೋತ ಒಬ್ಬರನ್ನು ಕಾಪಾಡಬಹುದು, ಆದರೆ ಹೇಗೆ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಲಾಗದಿದ್ದರೆ ಇಲ್ಲ.

ಹಂತ 7: ಮತ್ತೆ ಅದೇ ಕೋಟೆ (ಎಂಟನೇ ಸಂಜೆ)

ಹೊಸ ಕೈದಿ, ಹೊಸ ಕಾರಣ, ಹಳೆಯ ಕೋಟೆ. ಅಂಕಗಳನ್ನು ಆಗಾಗ ಬರೆದುಕೊಂಡೆ.

ಹಿಂಬಾಗಿಲು: ಎಲ್ಲರೂ ಗೆದ್ದರು. ಲಾಯ: ಬಂಡೆಗೆ 4, ಬೇಕಿದ್ದದ್ದು 5. ಮಿಂಚುಳ್ಳಿಗೆ 19. "ಕುದುರೆಯ ಕಂಬಳಿ ತೆಗೆದು ಅವನ ಕವಚದ ಮೇಲೆ ಒತ್ತಿ ಹಿಡಿದುಕೊಂಡು ನಡೆಸ್ತೀನಿ" ಎಂದಳು. ಒಪ್ಪಿದೆ. ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ, ಎಲ್ಲರೂ ಆ ಕಂಬಳಿಯನ್ನೇ ನೋಡುತ್ತಿದ್ದಂತಿತ್ತು.

ಬಾವಿಯ ಬಳಿ ಬಿಲ್ಲುಗಾರ ಸೋತ, ಕಾಪಾಡುವಷ್ಟು ಅಂತರ ಯಾರಿಗೂ ಇರಲಿಲ್ಲ. ಕ್ಲಿಪ್ ಅನುಮಾನಕ್ಕೆ ಬಂತು, ಸದ್ದು ಬಂದ ಚೌಕದಲ್ಲಿ ಗುಂಡಿ ಇಟ್ಟೆ. ತಂಡ ತಕ್ಷಣ ಸೌದೆ ಕೊಟ್ಟಿಗೆಗೆ ಸರಿಯಿತು, ಗುಂಡಿ ಬಾವಿಯ ಬಳಿಯೇ ಉಳಿಯಿತು. ಹಾಬ್‌ಗಾಬ್ಲಿನ್ ಪಂಜು ಹಚ್ಚಿಕೊಂಡು ಗುಂಡಿಯ ಕಡೆ ನಡೆದ. ಪಂಜು ಎಲ್ಲವನ್ನೂ ಬದಲಿಸಿತು. ಪಂಜಿನ ಪೂರ್ತಿ ಬೆಳಕು 20 ಅಡಿ, ಆಚೆಗೆ ಮತ್ತೆ 20 ಅಡಿ ಮಬ್ಬು. ಆದರೆ ಮಬ್ಬೂ ಅವನ ಕಣ್ಣಿಗೆ ಪೂರ್ತಿ ಬೆಳಕೇ. ಹಾಗಾಗಿ 40 ಅಡಿಯೊಳಗೆ, ದಾರದಲ್ಲಿ 20 ಸೆಂ.ಮೀ., ಅವನ ಅಂಕ 5ರಿಂದ ಮತ್ತೆ 10ಕ್ಕೆ. ಕೊಟ್ಟಿಗೆ ಅಳೆದು ನೋಡಿದರೆ 17.5 ಸೆಂ.ಮೀ. ದೂರದಲ್ಲಿತ್ತು. ಮಂತ್ರಗಾತಿ ಹೇಳಿದಳು, "ಎರಡು ಚೌಕ ಹಿಂದೆ, ಹೊಟ್ಟೆ ಮೇಲೆ ತೆವಳಿಕೊಂಡು." ತೆವಳಿದರು. ಉಳಿದ ಎರಡು ದಾಟುವಿಕೆಯಲ್ಲಿ ಒಂದು ಸೋಲು, ಓಣಿಯಲ್ಲಿ. ಕೈದಿಯೊಂದಿಗೆ ಹೊರಬಂದಾಗ 1 ಗಂಟೆ 10 ನಿಮಿಷ ಆಗಿತ್ತು, ಕತ್ತಿ ಒಂದೂ ಒರೆಯಿಂದ ಬಂದಿರಲಿಲ್ಲ. ಮಿಂಚುಳ್ಳಿಯ ಪಾತ್ರದ ಹಾಳೆಯ ಅಂಚಿನಲ್ಲಿ ಗೆಳತಿ ಅಂದಿನ ತಾರೀಕು ಬರೆದುಕೊಂಡಳು.

ಆ ರಾತ್ರಿ ನಾನು ಮಾಡಿದ ತಪ್ಪುಗಳು: ಓಣಿಯ ಕ್ಲಿಪ್ ಸರಿಸಲು ಮರೆತು ಹತ್ತು ನಿಮಿಷದ ನಂತರ ಸರಿಸಿದೆ, ಅದು ತಂಡಕ್ಕೆ ಅನ್ಯಾಯವಾಯಿತು. ಒಂದು ತಾಣದ ಸುದ್ದಿ ಇನ್ನೊಂದಕ್ಕೆ ಎಷ್ಟು ಬೇಗ ಮುಟ್ಟುತ್ತದೆ ಎಂದು ಮೊದಲೇ ಬರೆದಿರಲಿಲ್ಲ, ಸ್ಥಳದಲ್ಲೇ ಕಟ್ಟಿದೆ. ಈಗ ಬರೆದಿದ್ದೇನೆ: ಕಣ್ಣಿಗೆ ಕಾಣುವ ಅಥವಾ ಕೂಗು ಕೇಳುವ ಪಕ್ಕದ ತಾಣಗಳಿಗೆ, ಒಂದು ಸುತ್ತಿನಲ್ಲಿ ಒಂದು ತಾಣದಂತೆ, ಅದೂ ಹುಡುಕಾಟಕ್ಕೆ ಬಂದ ಮೇಲೆ. ಒಬ್ಬನಿಗೆ ಅನುಮಾನ ಬಂದ ಮಾತ್ರಕ್ಕೆ ಕೋಟೆಯೆಲ್ಲ ಎದ್ದು ಕೂರುವುದಿಲ್ಲ.

ಹಂತ 8: ಹೊಡೆದಾಟದಲ್ಲಿ ಕೈ ಹಾಕಿ ಸುಟ್ಟುಕೊಂಡದ್ದು

ಹುಮ್ಮಸ್ಸಿನಲ್ಲಿ ಅದೇ ಕಾರ್ಡುಗಳನ್ನು ಯುದ್ಧದೊಳಗೂ ತಂದೆ. ಒಂದು ಸುತ್ತು ಮುಗಿಯಲು ಹಿಡಿಯುವ ಸಮಯ ದುಪ್ಪಟ್ಟಾಯಿತು. ರೋಗ್ ಎರಡನೇ ಹಂತದಿಂದ ಬೋನಸ್ ಆಕ್ಷನ್‌ನಲ್ಲೇ (ತನ್ನ ಸರದಿಯ ಹೆಚ್ಚುವರಿ ಚಿಕ್ಕ ಕ್ರಿಯೆಯಲ್ಲೇ) ಅಡಗಬಲ್ಲಳು, ಕಾಣದಂತೆ ಹೊಡೆದರೆ ಅಡ್ವಾಂಟೇಜ್ (ಎರಡು ದಾಳದಲ್ಲಿ ಹೆಚ್ಚಿನದು), ಹೊಡೆದ ಮೇಲೆ ಜಾಗ ಬಯಲು. ಯುದ್ಧಕ್ಕೆ ಪುಸ್ತಕದ ಈ ಕ್ರಮವೇ ಸಾಕು. ಕಾರ್ಡ್ ತೆಗೆದುಬಿಟ್ಟೆ.

ಹಂತ 9: ಈಗ ನಿಂತಿರುವ ಜಾಗ (ಒಂಬತ್ತನೇ ಸಂಜೆ)

ಸಿಕ್ಕಿಹಾಕಿಕೊಂಡಿರುವುದು ತಲೆಕೆಳಗಾದ ಸನ್ನಿವೇಶದಲ್ಲಿ: ಶತ್ರುಗಳೇ ಅಡಗಿ ತಂಡಕ್ಕೆ ಹೊಂಚು ಹಾಕಿದರೆ? ಕಾರ್ಡ್ ಮೇಜಿನ ಮೇಲಿಟ್ಟರೆ ಹೊಂಚು ಬಯಲು. ಇಡದಿದ್ದರೆ ಪರದೆಯ ಹಿಂದಿನ ಗುಟ್ಟಿನ ದಾಳಕ್ಕೇ ವಾಪಸ್. ಒಮ್ಮೆ, ಏನೂ ಇಲ್ಲದ ದಾರಿಗಳಲ್ಲೂ ಖಾಲಿ ಕಾರ್ಡ್ ಇಟ್ಟು ನೋಡಿದೆ, ಯಾವುದು ನಿಜ ಎಂದು ತಿಳಿಯದಿರಲಿ ಎಂದು. ತಂಡ ಪ್ರತಿ ಪೊದೆಯನ್ನೂ ಭರ್ಜಿಯಿಂದ ಚುಚ್ಚುತ್ತಾ 30 ನಿಮಿಷದಲ್ಲಿ 100 ಅಡಿ ನಡೆಯಿತು. ಅದು ಆಗುವುದಿಲ್ಲ.

ಬಂಡೆಯನ್ನು ಆಡುವ ಗೆಳೆಯ ಒಂದು ದಾರಿ ಸೂಚಿಸಿದ್ದಾನೆ: ಕೆಂಪು ಗುಂಡಿಯನ್ನು ಈ ಸಲ ಆಟಗಾರರ ಕೈಗೇ ಕೊಡುವುದು. ಶತ್ರು ಎಲ್ಲಿರಬಹುದು ಎಂದು ಅವರೇ ಮ್ಯಾಪಿನ ಮೇಲೆ ಒಂದು ಗುಂಡಿ ಇಡಲಿ, ಆ ಚೌಕದ ಸುತ್ತ 15 ಅಡಿಯೊಳಗೆ ಅವರ ಪ್ಯಾಸಿವ್ ಅಂಕಕ್ಕೆ 5 ಹೆಚ್ಚು, ಉಳಿದ ಕಡೆ 5 ಕಡಿಮೆ. ಮುಂದಿನ ಸೆಷನ್‌ಗೆ ಕಣಿವೆಯ ಮ್ಯಾಪ್ ಬರೆದಿಟ್ಟಿದ್ದೇನೆ. ನಾಲ್ಕು ಗುಂಡಿಗಳನ್ನು ಅವರ ದಾಳದ ಚೀಲಗಳಿಗೆ ಹಾಕಿ ಕಳಿಸಿದ್ದೇನೆ.